ವೈನಿಯ ಪರವಾಗಿ ನಾನು ಹೇಳದ ಮಾತು

ಡಾಕ್ಟರಿಗೆ ಹೇಳೆಂದು ವೈನಿ ನನಗೆ ಒಪ್ಪಿಸಿದ್ದ ಮಾತನ್ನು ನಾನು ಹೇಳಲಿಲ್ಲ. ಹೇಳಿದ್ದೇನೆಂದು ಅವರಿಗೆ ಸುಳ್ಳಾಡಿದೆ.

ನನ್ನ ಅಣ್ಣನ ಹೆಂಡತಿ ಸುಮತಿ ವೈನಿ ಕಮಲಾಪುರದಲ್ಲಿ ಶಾಲಾ ಶಿಕ್ಷಕಿ. ಸೊಂಟನೋವೆಂದು ಕಲಬುರಗಿಗೆ ಬಂದಾಗ ಗಾಜಿಪುರದ ನಮ್ಮ ಓಣಿಯ ಡಾಕ್ಟರ ಬಳಿ ನಾನೇ ಕರೆದೊಯ್ದೆ.

"ಪದ್ಮಾ, ಗೊತ್ತಾಗದಂಗ ಒಂದಕ್ಕ ಹೋಗಿಬಿಡ್ತದ. ಕೂಡೂ ಜಾಗಾನೂ ಜೋಮು ಹಿಡದದ. ಗಂಡಸರ ಮುಂದ ನನಗ ಬಾಯಿ ಬರೂದಿಲ್ಲ, ನೀನೇ ಹೇಳವ್ವಾ," ಎಂದಿದ್ದರು.

ಸರದಿ ಬಂದಾಗ ಅವರು ಮತ್ತೆ ಅವಸರವಾಗಿ ಬಚ್ಚಲಿಗೆ ಹೋಗಿದ್ದರು. ಒಳಗೆ ನಾನೊಬ್ಬಳೇ ಹೋಗಿ ಸೊಂಟನೋವಿನ ಮಾತು ತೆಗೆದೆ. "ಮತ್ತೇನರ ತ್ರಾಸ ಅದನ್ರೀ?" ಎಂದರು ಡಾಕ್ಟರು. ಆ ಡಾಕ್ಟರ ತಾಯಿಯನ್ನು ದಿನವೂ ಗುಡಿಯಲ್ಲಿ ಕಾಣುವವಳು ನಾನು. ನಮ್ಮ ಮನೆಯ ಇಂಥ ಮಾತು ಆಕೆಯ ಕಿವಿಗೆ ಬಿದ್ದರೆ —

"ಇಲ್ರೀ, ಬರೇ ಸೊಂಟನೋವು."

ವೈನಿ ಬಂದು ತೋರಿಸಿಕೊಂಡು ಹೊರಬಿದ್ದ ಮೇಲೆ ಪಿಸುದನಿಯಲ್ಲಿ ಕೇಳಿದರು, "ಹೇಳಿದೇನು?"

"ಹೇಳೀನಿ ವೈನಿ. ವಯಸ್ಸಾದಂಗ ಆಗ್ತದಂತ."

ಅದನ್ನು ನಂಬಿ ತಿಂಗಳುಗಟ್ಟಲೆ — ನೀರು ಕುಡಿಯದೆ, ಬಟ್ಟೆ ಮಡಚಿಟ್ಟುಕೊಂಡು — ಪಾಠ ಮಾಡಿದರು. ಕೊನೆಗೊಂದು ದಿನ ಯಾರನ್ನೂ ಕೇಳದೆ ನರರೋಗದ ಡಾಕ್ಟರ ಮುಂದೆ ಕುಳಿತು ಎಲ್ಲವನ್ನೂ ತಾವೇ ಹೇಳಿಬಿಟ್ಟರು. ಬಾಯಿ ಬರುವುದಿಲ್ಲ ಎಂದಿದ್ದ ಹೆಂಗಸು!

ಬೆನ್ನೆಲುಬಿನ ಬುಡದಲ್ಲಿ ಡಿಸ್ಕ್ ಸರಿದು ನರಗಳನ್ನು ಒತ್ತುತ್ತಿತ್ತು. ಎಷ್ಟು ನರ ಉಳಿದಿವೆಯೆಂದು ನೋಡುವ ಪರೀಕ್ಷೆಯ ದಿನ ಜೊತೆಗೆ ನಾನಿದ್ದೆ. ಮಗ್ಗುಲಾಗಿ ಮಲಗಿಸಿ, ಗುದದ ಪಕ್ಕದ ಸ್ನಾಯುವಿಗೆ, ಯಂತ್ರಕ್ಕೆ ಜೋಡಿಸಿದ ತೆಳ್ಳನೆಯ ಸೂಜಿ ಚುಚ್ಚಿದರು. "ಒಂದಕ್ಕ ತಡಕೊಂಡಂಗ ಬಿಗಿ ಹಿಡೀರಿ," ಎಂದರು ಪರೀಕ್ಷೆ ಮಾಡುತ್ತಿದ್ದ ಡಾಕ್ಟರಮ್ಮ. ಸೂಜಿ ಬಲಗಡೆ ಇದ್ದಾಗ, ನರ ಬದುಕಿದೆಯೆನ್ನುವಂತೆ ಯಂತ್ರ ಚಟಪಟ ಸದ್ದು ಮಾಡಿತು. ಎಡಗಡೆ ಎಲ್ಲೋ ಒಂದೆರಡು ಸಲ, ಅಷ್ಟೇ. ವೈನಿಯ ಕಣ್ಣಲ್ಲಿ ನೀರು.

"ಪೂರಾ ಸತ್ತಿಲ್ಲಲ್ರೀ? ತಡೀರಿ, ಇನ್ನೊಮ್ಮೆ ಹಿಡೀತೀನಿ."

ಅಂಥ ಗಟ್ಟಿ ಜೀವವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆಪರೇಷನ್ ಆಯಿತು, ಜೋಮು ಇಳಿಯಿತು. ಸೋರುವುದು ಪೂರ್ತಿ ನಿಂತಿಲ್ಲ. ಮೊದಲೇ ಬಂದಿದ್ದರೆ ಚೆನ್ನಾಗಿತ್ತು ಎಂದರು ಆಪರೇಷನ್ ಮಾಡಿದ ಡಾಕ್ಟರು. "ನೀ ಹೇಳಿದ್ರೂ ಆ ಗಾಜಿಪುರದ ಡಾಕ್ಟರು ಕಿವಿಗೆ ಹಾಕ್ಕೊಳ್ಳಲಿಲ್ಲ ನೋಡು," ಎಂದು ವೈನಿ ನೊಂದುಕೊಂಡಾಗಲೂ — ನಾನು ಸುಮ್ಮನಿದ್ದೆ.

ಈಗ ವೈನಿ ಶಾಲೆಯ ಹೆಂಗಸರ ನಡುವೆ ಇದನ್ನೆಲ್ಲ ಮುಚ್ಚುಮರೆಯಿಲ್ಲದೆ ಮಾತಾಡುತ್ತಾರೆ. ನಿನ್ನೆ ಫೋನ್ ಮಾಡಿದ್ದರು: "ನಮ್ಮ ಶಾಲಿ ಅಡುಗಿ ಮಾಡಾಕಿಗೂ ಹಿಂಗೇ ಆಗ್ಯಾದ. ಡಾಕ್ಟರ ಮುಂದ ಹೇಳಾಕ ಅಂಜ್ತಾಳ. ನೀ ಜೋಡಿ ಹೋಗಿ ಹೇಳ್ತೀಯೇನು? ನಿನ್ನ ಮ್ಯಾಲ ನನಗ ಭರೋಸಾ ಅದ."

"ಹೋಗ್ತೀನಿ ವೈನಿ. ಅದಕ್ಕೂ ಮೊದಲ ನಿಮ್ಮ ಮುಂದ ಕುಂತು ಒಂದು ಮಾತು ಹೇಳೂದದ."

ಕಮಲಾಪುರದ ಬಸ್ಸು ಹತ್ತಿದ್ದೇನೆ. ಯಾಕೆ ಹಾಗೆ ಮಾಡಿದೆ ಎಂದು ಅವರು ಕೇಳುತ್ತಾರೆ. ಅವರ ಮೈಗಿಂತ ನನ್ನ ಮಾನ ನನಗೆ ದೊಡ್ಡದಾಗಿತ್ತು. ಅಷ್ಟೇ ಹೇಳುತ್ತೇನೆ, ಅದಕ್ಕೆ ಇನ್ನೇನನ್ನೂ ಸೇರಿಸುವುದಿಲ್ಲ.