ಮಾತು ಬಿಟ್ಟು ಪದ್ಯ ಮಾತ್ರ

ನಂಗೆ ಇಂಗ್ಲಿಷ್ ರಾಕ್ ಹಾಡಿನ ಹುಚ್ಚು ಯಾರೂ ಹತ್ಸಿದ್ದಲ್ಲ. ಹೊನ್ನಾವರ ಬದಿಯ ಕಾಸರಕೋಡಲ್ಲಿ ನಮ್ಮನೆ ಅಂಗಳದಲ್ಲಿ ರೇಡಿಯೋ ತಿರುಗಿಸ್ತಾ ತಿರುಗಿಸ್ತಾ ತಾನಾಗೇ ಹತ್ತಿದ್ದು. ಒಣಮೀನು ಮಗುಚ್ತಾ ಇದ್ದ ಅಮ್ಮ, "ಎಂತ ಅದು, ಗಂಟ್ಲಲ್ಲಿ ಮುಳ್ಳು ಸಿಕ್ಕಿದವ್ರ ಹಾಂಗೆ ಕೂಗ್ತಾನೆ" ಅಂತಿದ್ಲು.

ಕಾಲೇಜು ಎರಡನೇ ವರ್ಷ. ಸಿ.ಡಿ. ಬಂದಿತ್ತು, ಆದ್ರೆ ನಮ್ಮಂಥವ್ರಿಗೆ ಇನ್ನೂ ಕ್ಯಾಸೆಟ್ಟೇ. ನನ್ನ ಕ್ಲಾಸ್‌ಮೇಟ್ ಒಬ್ಬ ಭಟ್ಕಳದ ಜಾಲಿಯವ. ಅವನ ಅಣ್ಣ, ನಾವೆಲ್ಲ ಭಾಯ್ ಅಂತಿದ್ದವ, ದುಬೈಯಿಂದ ರಜೆಗೆ ಬಂದಿದ್ದ. ಅವನ ಹತ್ರ ಎರಡು ಕ್ಯಾಸೆಟ್ ಇತ್ತು. ನಾನು ಜೀವ ಬಿಡ್ತಿದ್ದ ಒಬ್ಬ ಗಾಯಕನ ಕೊನೇ ದೊಡ್ಡ ಕಾರ್ಯಕ್ರಮ! ಕಂಪನಿಯವ್ರು ಮಾಡಿದ್ದಲ್ಲ, ಯಾವನೋ ಅಭಿಮಾನಿ ಕೋಟಿನೊಳಗೆ ರೆಕಾರ್ಡರ್ ಅಡಗಿಸಿಟ್ಕೊಂಡು ಹಿಡಿದದ್ದು. ಅದಾಗಿ ಕೆಲವೇ ತಿಂಗಳಿಗೆ ಆ ಗಾಯಕ ತೀರ್ಕೊಂಡ.

ಜಾಲಿಯ ಅವರ ಮನೇಲಿ ಒಂದೇ ಸಲ ಕೇಳಿದ್ದೆ. ಕೊನೇ ಹಾಡಿಗಿಂತ ಮೊದ್ಲು ಆ ಗಾಯಕ ಏಳೆಂಟು ನಿಮಿಷ ಬರೀ ಮಾತಾಡ್ತಾನೆ. ನನ್ನ ಇಂಗ್ಲಿಷಿಗೆ ಕಾಲುಭಾಗ ಸಿಕ್ಕಿತ್ತು ಅಷ್ಟೆ. ಆದ್ರೆ ಅವನು ವಿದಾಯ ಹೇಳಿದ್ದು ಅಲ್ಲೇ ಅಂತ ನಂಗೆ ಗ್ಯಾರಂಟಿ. ಡಿಕ್ಷನರಿ ಇಟ್ಕೊಂಡು ಒಂದೊಂದೇ ಶಬ್ದ ಬಿಡಿಸ್ಬೇಕು ಅಂತ ಕಾಪಿ ಮಾಡಿಸೂಕೆ ಭಾಯ್ ಹತ್ರ ಕ್ಯಾಸೆಟ್ ಬೇಡ್ಕೊಂಡೆ.

"ಶುಕ್ರವಾರ ನಮಾಜ್ ಮುಗ್ಸಿ ಮೂರು ಗಂಟೆಗೆ ನಾ ಏರ್‌ಪೋರ್ಟಿಗೆ ಹೊರಡ್ತೆ. ಅಷ್ಟ್ರೊಳಗೆ ಕ್ಯಾಸೆಟ್ ವಾಪಸ್ ಬರ್ಲಿಲ್ಲಾಂದ್ರೆ ನಿನ್ನ ಕಾಲೇಜಿಗೇ ಬಂದು ಕಿವಿ ಹಿಂಡ್ತೆ" ಅಂದ. ನಕ್ಕೊಂಡೇ ಅಂದ, ಆದ್ರೂ ನಂಗೆ ಎರಡು ದಿನ ಊಟ ಸರಿ ಸೇರ್ಲಿಲ್ಲ.

ಕುಮಟಾದಲ್ಲಿ ಒಂದು ಅಂಗಡಿ. ಅಲ್ಲಿಯವನ ಕಸುಬೇ ಯಕ್ಷಗಾನದ ಕ್ಯಾಸೆಟ್ ಕಾಪಿ ಮಾಡೂದು. ಜನ ರಾತ್ರಿಯಿಡೀ ರಂಗಸ್ಥಳದ ಬುಡದಲ್ಲಿ ಟೇಪ್ ಇಟ್ಟು ತಂದಿದ್ದನ್ನ ಇವ ವೇಷದವ್ರ ಮಾತು ತೆಗ್ದು, ಭಾಗವತ್ರ ಪದ್ಯ ಅಷ್ಟೇ ಇಟ್ಟು ಒಂದೇ ಕ್ಯಾಸೆಟ್ಟಿಗೆ ಇಳಿಸ್ತಿದ್ದ. ನನ್ನ ಎರಡು ಕ್ಯಾಸೆಟ್ ನೋಡ್ದವನೇ, ಎಲ್ಲರ ಹತ್ರ ಕೇಳೂ ಹಾಂಗೇ ಕೇಳ್ದ: "ಪದ್ಯ ಮಾತ್ರ ಸಾಕಾ ತಮಾ?"

ನಂಗೆ ಬಸ್ಸಿನ ಗಡಿಬಿಡಿ. "ಹ್ಞಾಂ ಹ್ಞಾಂ, ಸಾಕು" ಅಂದು ಓಡ್ದೆ.

ಶುಕ್ರವಾರ ಹನ್ನೊಂದಕ್ಕೆ ಹೋಗಿ ಕಿವಿಗೆ ಹೆಡ್‌ಫೋನ್ ಹಾಕ್ದೆ. ಒಂದು ಹಾಡು ಮುಗೀತು, ತಟ್ ಅಂತ ಇನ್ನೊಂದು ಶುರು. ಮಧ್ಯೆ ಚಪ್ಪಾಳೆ ಇಲ್ಲ, ಕೂಗಿಲ್ಲ, ಉಸ್ರೂ ಇಲ್ಲ.

"ಅಣ್ಣಾ, ಜನ್ರ ಕೂಗು ಎಲ್ಲಿ?"

"ತೆಗ್ದೆ. ಎಂತಾ ಗಲಾಟೆ ಮಾರಾಯ! ಒಬ್ಬವ ಅಂತೂ ಕಿವಿ ಬುಡದಲ್ಲೇ ಕೆಮ್ತಿದ್ದ. ಪಾಜ್ ಬಟನ್ ಮೇಲಿಂದ ಬೆರಳು ತೆಗೀಲಿಲ್ಲ ನಾನು."

"ಮಾತು? ಕೊನೇಲಿ ಒಂದು ಮಾತಿತ್ತಲ್ಲ?"

"ನೀನೇ ಹೇಳ್ದ್ಯಲ್ಲ, ಪದ್ಯ ಮಾತ್ರ ಸಾಕು ಅಂತ."

ಹೌದು, ನಾನೇ ಹೇಳಿದ್ದು. ಹೊಸ ಕ್ಯಾಸೆಟ್ ಕೊಡಿ ಅಂದ್ರೆ, ಯಕ್ಷಗಾನ ಆಟದ ಸೀಸನ್ನು, ಒಂದೂ ಉಳೀಲಿಲ್ಲ ಅಂದ. ನನ್ನ ಕಾಪಿ ಕ್ಯಾಸೆಟ್ ಎರಡೂ ಬದಿ ಭರ್ತಿ.

"ಒಂದು ಪದ್ಯ ಅಳಿಸಿ ಅದ್ರ ಮೇಲೆ ಮಾತು ಹಾಕ್ತೆ. ಯಾವ್ದು ಹೇಳು ಬೇಗ."

ಆ ಮಾತು ಹಿಡಿಸೂ ಅಷ್ಟು ಉದ್ದದ, ಎಂಟು ನಿಮಿಷದ ಹಾಡು ಇದ್ದಿದ್ದು ಒಂದೇ. ಗಿಟಾರು ಅಳೂ ಹಾಡು, ನಂಗೆ ಎಲ್ಲಕ್ಕಿಂತ ಇಷ್ಟದ್ದು. ತೋರಿಸ್ದೆ. ಅವನು ನನ್ನ ಮುಖ ನೋಡಿ, "ಬ್ಯಾರೆ ಬೇಕಾದ್ರೆ ಹೇಳು" ಅಂದ. ಬೇಡ ಅಂದೆ.

ಇನ್ನು ಅಸಲಿ ಕ್ಯಾಸೆಟ್ಟಲ್ಲಿ ಆ ಮಾತು ಹುಡುಕ್ಬೇಕಲ್ಲ. ಫಾರ್ವರ್ಡ್, ರಿವೈಂಡ್, ಮತ್ತೆ ಫಾರ್ವರ್ಡ್. ಒಮ್ಮೆ ಟೇಪು ಕಿರ್ ಅಂತು, ನನ್ನ ಜೀವ ಹೋಗಿ ಬಂತು. ಅಂಗಡಿ ಬಿಟ್ಟಾಗ ಹನ್ನೆರಡೂಮುಕ್ಕಾಲು. ಹೊನ್ನಾವರ ಸೇತುವೆ ಮೇಲೆ ಲಾರಿ ಹಿಂದೆ ಲಾರಿ. ಇಡಗುಂಜಿ ಕ್ರಾಸಲ್ಲಿ ದೇವಸ್ಥಾನಕ್ಕೆ ಹೋಗಿ ಬಂದವ್ರು ಮಕ್ಳು-ಮರಿ ಕಟ್ಕೊಂಡು ಹತ್ತಿದ್ರು, ಹತ್ತಿದ್ರು, ಹತ್ತಿ ಮುಗೀಲೇ ಇಲ್ಲ. ನಾನು ಭಾಯ್‌ನ ಎರಡು ಕ್ಯಾಸೆಟ್ಟನ್ನ ಅಂಗಿ ಒಳಗೆ ಹೊಟ್ಟೆಗೆ ಒತ್ತಿ ಹಿಡ್ಕೊಂಡಿದ್ದೆ, ಬೆವರು ತಾಗ್ತದೆ ಅಂತ ಮತ್ತೆ ಹೊರಗೆ ತೆಗೀತಿದ್ದೆ.

ಭಟ್ಕಳದಿಂದ ಆಟೋ ಹಿಡಿದು ಜಾಲಿ ಮುಟ್ಟುವಾಗ ಕಾರಿನ ಮೇಲೆ ಸೂಟ್‌ಕೇಸ್ ಬಿಗೀತಾ ಇದ್ರು.

"ಬಂದ ನೋಡಿ ಸಾಹೇಬ! ನಿನ್ನ ಕಿವಿ ಉಳೀತು" ಅಂದ ಭಾಯ್. ಕ್ಯಾಸೆಟ್ಟನ್ನ ತಿರುಗಿಸೂ ನೋಡ್ದೆ ಬ್ಯಾಗಿಗೆ ತುರುಕ್ದ. ನಾನು ಒಂದೇ ಉಸ್ರಿಗೆ ಮಾತು ಹೋದದ್ದು, ಹಾಡು ಅಳಿಸಿದ್ದು ಎಲ್ಲ ಹೇಳ್ದೆ.

"ಆ ಮಾತಾ? ಅದು ಬಂದಾಗೆಲ್ಲ ನಾ ಫಾರ್ವರ್ಡ್ ಮಾಡ್ತೆ ಮಾರಾಯ!" ಅಂದು ಕಾರು ಹತ್ತಿದ.

ನಾಲ್ಕು ಸಂಜೆ ಕೂತೆ ಡಿಕ್ಷನರಿ ಇಟ್ಕೊಂಡು. ನೋಟ್‌ಬುಕ್ಕಿನ ಎರಡು ಪುಟ ಆತು. ಗಂಟ್ಲು ಕಟ್ಟಿದೆ, ಮಾಫಿ ಮಾಡಿ ಅಂತಾನೆ. ಡ್ರಮ್ಮಿನವನಿಗೆ ಹೆಣ್ಮಗು ಆಗಿದ್ದು ಹೇಳ್ತಾನೆ. ನೀರು ಕೇಳ್ತಾನೆ, ಕುಡೀತಾನೆ, ತಂತಿ ಬಿಗೀತಾನೆ ಬಿಗೀತಾನೆ. ವಿದಾಯ ಎಲ್ಲೂ ಇಲ್ಲ. ಕೊನೇ ಸಾಲು ಮಾತ್ರ ಎಷ್ಟು ಸಲ ತಿರುಗಿಸಿದ್ರೂ ಅದೇ ಬಂತು: ಮುಂದಿನ ವರ್ಷ ಬತ್ತೆ, ಈ ಹಾಡು ಆಗ ಸರಿಯಾಗಿ ಹಾಡ್ತೆ.

ನಾನು ನೋಟ್‌ಬುಕ್ಕಲ್ಲಿ ಅದನ್ನ ಬರ್ಕೊಂಡೆ. ಅಮ್ಮ "ಎಂತ ಹೇಳ್ತಾನೆ ಅವ?" ಅಂತ ಕೇಳಿದ್ಲು. "ಗಂಟ್ಲು ಸರಿ ಇಲ್ಲ ಅಂತೆ" ಅಂದೆ.