ಮಿಸ್ತ್ರಿ ಮುಟ್ಟದ ಮಾಸ್ಕು

ಕುತ್ತಿಗೆಯವರೆಗೂ ಗುಂಡಿ ಹಾಕಿದ ಖಾಕಿ ಅಂಗಿ, ಅದರ ಮೇಲೆ ಒಂದೇ ಒಂದು ಸುಟ್ಟ ಕಲೆಯಿಲ್ಲದ ನುಣುಪು ಮುಖ. ನಮ್ಮ ಮಾವನವರ ವೆಲ್ಡಿಂಗ್ ಅಂಗಡಿಯ ಮಿಸ್ತ್ರಿಯನ್ನು ನೆನೆದರೆ ಮೊದಲು ಕಣ್ಣಿಗೆ ಬರುವುದು ಆ ಮುಖ. ಅಲ್ಲಿ ಕೆಲಸ ಮಾಡುತ್ತಿದ್ದ ಉಳಿದವರ ಮುಖಗಳು ಸಿಪ್ಪೆ ಎದ್ದು, ಕಣ್ಣುಗಳು ಕೆಂಪಗೆ ಊದಿ, ನೋಡುವ ಹಾಗಿರಲಿಲ್ಲ. ಆ ಉಳಿದವರಲ್ಲಿ ನಮ್ಮ ಯಜಮಾನರೂ ಇದ್ದರು, ಮೈದುನನೂ ಇದ್ದ.

ತೊಂಬತ್ತರ ದಶಕದ ಮಾತಿದು. ನಾನು ಮದುವೆಯಾಗಿ ಬೈಲಹೊಂಗಲಕ್ಕೆ ಬಂದಾಗ ನಮ್ಮ ಮನೆಯ ಮುಂಭಾಗವೇ ಅಂಗಡಿಯಾಗಿತ್ತು. ಟ್ರ್ಯಾಕ್ಟರಿನ ಟ್ರೇಲರ್, ಗೇಟು, ಕಿಟಕಿಯ ಸರಳು, ಹೀಗೆ ದಿನವಿಡೀ ಕೆಲಸ. ಮಿಸ್ತ್ರಿ ದೊಡವಾಡದಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದರು. ಬಂದವರೇ ಟೆರಿಲಿನ್ ಅಂಗಿ ಬಿಚ್ಚಿಟ್ಟು ನೂಲಿನ ಖಾಕಿ ತೊಡುತ್ತಿದ್ದರು. ಕಿಡಿ ಒಳಗೆ ಬೀಳದಂತೆ ಪ್ಯಾಂಟಿನ ಕಾಲನ್ನು ಬೂಟಿನ ಮೇಲೆ ಇಳಿಬಿಡುತ್ತಿದ್ದರು. ಆಮೇಲೆ ಕನ್ನಡಿ ನೋಡಿಕೊಂಡು ತಲೆ ಬಾಚುತ್ತಿದ್ದರು. ಯಾಕಿಷ್ಟು ಶೃಂಗಾರ ಎಂದು ಒಮ್ಮೆ ಕೇಳಿಯೇಬಿಟ್ಟೆ.

"ಸುಟ್ಟ ಮೋತಿ ತಗೊಂಡು ಮನಿಗೆ ಹ್ವಾದ್ರ ನಮ್ಮಾಕಿ ಬಾಗಲಾ ತಗಿಯೂದಿಲ್ರಿ ಅಕ್ಕಾರ" ಎಂದರು.

ಠೀವಿಯ ಮನುಷ್ಯ, ಬಾಯಿಯೂ ಜೋರು. ಡೀಸೆಲ್ಲಿನ ಖಾಲಿ ಪೀಪಾಯಿ ತಂದು, ದನದ ನೀರಿಗೆ ಬೇಕು, ಅರ್ಧಕ್ಕೆ ಕತ್ತರಿಸಿ ಕೊಡಿ ಎಂದವರನ್ನು ಅವರು ಬೈಯದೇ ಕಳಿಸಿದ್ದು ನಾನು ಕಂಡಿಲ್ಲ. "ಖಾಲಿ ಐತಿ ಅಂತೀರಿ. ಒಳಗಿನ ವಾಸನಿ ಎಲ್ಲಿಗೆ ಹೋಗೇತಿ? ಅದಕ್ಕ ಬೆಂಕಿ ಹತ್ತಿದ್ರ ನಿಮ್ಮನ್ನೂ ನನ್ನೂ ಆರಿಸಿ ಚೀಲಕ್ಕ ತುಂಬಬೇಕಾಗತೈತಿ." ಬಿಸಿನೀರು, ಸೋಡಾ ಹಾಕಿ ತೊಳೆದು, ಮತ್ತೆ ನೀರು ತುಂಬಿಸುವವರೆಗೂ ಅದನ್ನು ಬೆಂಕಿಯ ಹತ್ತಿರ ಬಿಡುತ್ತಿರಲಿಲ್ಲ. ಗಿರಾಕಿ ಸಿಟ್ಟಾಗಿ ಬೇರೆ ಅಂಗಡಿಗೆ ಹೋದರೆ ಹೋಗಲಿ.

ಅವರ ಹಟಕ್ಕೇ ಮಾವನವರು ಬೆಳಗಾವಿಯಿಂದ ಒಂದು ಮಾಸ್ಕು ತರಿಸಿದ್ದರು. ಮುಖವೆಲ್ಲ ಮುಚ್ಚುವಂಥದು, ಕಣ್ಣಿನ ಜಾಗದಲ್ಲಿ ಕಪ್ಪು ಗಾಜು. ಇಡೀ ಅಂಗಡಿಗೆ ಅದೊಂದೇ. ಮೊದಲ ದಿನ ಮಿಸ್ತ್ರಿ ಅದನ್ನು ಹಾಕಿಕೊಂಡರು. ಅಷ್ಟೇ, ಆಮೇಲೆ ಬೇರೆ ಯಾರೂ ಅದಕ್ಕೆ ಕೈ ಹಚ್ಚಲಿಲ್ಲ. ಒಬ್ಬರಿಗೆ ಸೆಖೆ, ಇನ್ನೊಬ್ಬರಿಗೆ ಅದರೊಳಗಿಂದ ಕೆಲಸ ಕಾಣುವುದಿಲ್ಲ. ಮುಖ ಅತ್ತ ತಿರುಗಿಸಿ ಕಣ್ಣು ಮುಚ್ಚಿದರಾಯಿತು ಎನ್ನುವುದೇ ಎಲ್ಲರ ಜಾಣತನ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಆ ಜಾಣರೆಲ್ಲ ಕಣ್ಣಿಗೆ ಖಾರ ಬಿದ್ದವರಂತೆ ಒದ್ದಾಡುತ್ತಿದ್ದರು. ನಾನಾಗ ಬಾಣಂತಿ. ಅತ್ತೆ ಬಟ್ಟಲು ಹಿಡಿದು ನನ್ನ ಕೋಣೆಯ ಬಾಗಿಲಿಗೆ ಬರುತ್ತಿದ್ದರು. "ನಾಕ ಹನಿ ಹಾಲು ಹಿಂಡಿ ಕೊಡವಾ. ಕಣ್ಣಿಗೆ ತಂಪಾಗತೈತಿ." ಗಂಡನಿಗಾದರೆ ಗಂಡನಿಗೆ ಎನ್ನೋಣ. ಮೈದುನನಿಗೂ ಅದೇ, ಕೆಲಸಕ್ಕೆ ಬರುತ್ತಿದ್ದ ಪಕ್ಕದ ಓಣಿಯವನಿಗೂ ಅದೇ. ಮೀಸೆ ಹೊತ್ತ ಗಂಡಸರು ಪಡಸಾಲೆಯಲ್ಲಿ ಸಾಲಾಗಿ ಅಂಗಾತ ಮಲಗಿ ನನ್ನ ಎದೆಹಾಲಿಗೆ ಕಾಯುತ್ತಿದ್ದರು. ಒಳಗೆ ನನ್ನ ಕೂಸು ಹಸಿದು ಅಳುತ್ತಿರುತ್ತಿತ್ತು. ಹೇಸಿಗೆಯಾಗುತ್ತಿತ್ತು.

ಒಂದು ಬೆಳಿಗ್ಗೆ ಯಜಮಾನರ ಬಲಗಣ್ಣು ತೆರೆಯಲೇ ಇಲ್ಲ, ಕೀವು ಸೋರುತ್ತಿತ್ತು. ಧಾರವಾಡಕ್ಕೆ ಕರೆದೊಯ್ದೆವು. ಬೆಳಕಿಗೆ ಸುಟ್ಟ ಕಣ್ಣು, ಅದರ ಮೇಲೆ ಹಾಲು ಹಾಕಿ ಹುಣ್ಣು ಮಾಡಿದ್ದೀರಿ ಎಂದು ಡಾಕ್ಟರು ಸರಿಯಾಗಿ ಬೈದರು. "ಇನ್ನೊಮ್ಮೆ ಹಿಂಗಾದ್ರ ಕಣ್ಣು ಉಳಿಯೂದಿಲ್ಲ" ಎಂದು ಹೇಳಿ ಕಳಿಸಿದರು.

ಪಟ್ಟಿ ಬಿಚ್ಚಿದ ಮರುದಿನವೇ ಯಜಮಾನರು ಮತ್ತೆ ಬರಿಮುಖದಲ್ಲಿ ಕೆಲಸಕ್ಕೆ ಕುಳಿತರು. ಮಾಸ್ಕು ಅಲ್ಲೇ ಮೊಳೆಗೆ ತೂಗುತ್ತಿತ್ತು. ಊಟಕ್ಕೆ ಒಳಗೆ ಬಂದಾಗ, ಅದನ್ನು ಹಾಕಿಕೊಳ್ಳಲು ಏನು ಧಾಡಿ ಎಂದು ಕೇಳಿದೆ.

"ಆ ಕೇರಿಯವನ ಬೆವರು ಕುಡದದ್ದರಾಗ ನಾ ಮೋತಿ ಇಡ್ಲೇನು?" ಎಂದರು. ಎಂದು ರೊಟ್ಟಿ ಮುರಿದರು.

ಮಿಸ್ತ್ರಿ ದಲಿತರ ಕೇರಿಯವರು, ಬುದ್ಧನನ್ನು ನಂಬುವ ಮನೆತನ. ಅಷ್ಟು ದಿನದ ಸೆಖೆಯ ಕಥೆಯೆಲ್ಲ ಇದಕ್ಕೆ! ಇವರೆಲ್ಲರ ಕಣ್ಣಿಗೆ ಹೆಂಡತಿಯ, ಅತ್ತಿಗೆಯ ಎದೆಹಾಲು ನಡೆಯುತ್ತದೆ, ಕೀವು ನಡೆಯುತ್ತದೆ, ಕುರುಡಾದರೂ ನಡೆಯುತ್ತದೆ. ಒಬ್ಬ ಮನುಷ್ಯನ ಉಸಿರು ಮಾತ್ರ ನಡೆಯುವುದಿಲ್ಲ. ನಾನು ತಾಟು ಬಿಟ್ಟೆದ್ದೆ. ಇನ್ನೊಂದು ಮಾಸ್ಕು ತರಿಸಿ ಎಂದು ಮಾವನವರನ್ನು ಕೇಳಿದರೆ, "ಇರೂದೊಂದನ್ನ ಹಾಕ್ಕೊಳ್ಳವಲ್ರು, ಮತ್ತೊಂದ್ಯಾಕ?" ಎಂದು ಪೇಪರಿನಲ್ಲಿ ಮುಖ ಮುಚ್ಚಿಕೊಂಡರು.

ಆ ವಾರವೇ ಮಿಸ್ತ್ರಿ ಹಿತ್ತಲ ಬಾಗಿಲಿಗೆ ಬಂದರು. ಕೈಯಲ್ಲಿ ಪೇಪರಿನಲ್ಲಿ ಸುತ್ತಿ ದಾರ ಕಟ್ಟಿದ ಗಂಟು.

"ಅಕ್ಕಾರ, ಹೊಸಾ ಮಾಸ್ಕ ಐತಿ. ಧಾರವಾಡದಾಗ ಅಂಗಡಿಯವ ಕಟ್ಟಿಕೊಟ್ಟ ದಾರ ಹಂಗ ಐತಿ ನೋಡ್ರಿ. ನಾ ಬಿಚ್ಚಿಲ್ಲ, ಒಳಗ ಮುಟ್ಟಿಲ್ಲ. ಬೇಕಂದ್ರ ಅವ್ರಿಗೆ ಗಂಟು ತೋರಸ್ರಿ."

ಅವರಿಗೆ ಎಲ್ಲವೂ ಗೊತ್ತಿತ್ತು. ನನಗೆ ನಿಂತ ನೆಲ ಬಾಯಿಬಿಡಬಾರದೇ ಅನ್ನಿಸಿತು.

"ನಿಮಗ ಸಿಟ್ಟು ಬರೂದಿಲ್ಲೇನ್ರಿ ಮಿಸ್ತ್ರಿ?"

"ಬರತೈತ್ರಿ, ಬರಲಾರದ ಏನು. ಹಂಗಂತ ಅವ್ರು ಕುಡ್ಡ ಆಗೂದನ್ನ ನೋಡಕೋಂತ ಕುಂದ್ರಲೇನು? ಮಗ್ಗಲಕ್ಕ ಕುಂತು ಕೆಲಸಾ ಮಾಡಾಂವ ನಾ."

ಯಜಮಾನರು ಗಂಟನ್ನು ತಿರುವಿ ಮುರುವಿ ನೋಡಿದರು. ನೋಡಿ ಬಿಚ್ಚಿದರು, ಹಾಕಿಕೊಂಡರು. ಸೆಖೆಯೂ ಆಗಲಿಲ್ಲ, ಕೆಲಸವೂ ಚೆನ್ನಾಗಿಯೇ ಕಂಡಿತು. ಅತ್ತೆ ಅದಕ್ಕೆ ಕುಂಕುಮ ಹಚ್ಚಿದರು. ಅಂಗಡಿಯ ಗೋಡೆಗೆ ಇನ್ನೊಂದು ಮೊಳೆ ಬಂತು, ಮಿಸ್ತ್ರಿಯದೊಂದು, 'ನಮ್ಮವರದೊಂದು'. ಮೈದುನನೂ ಪಕ್ಕದ ಓಣಿಯವನೂ ಸರದಿಯ ಮೇಲೆ ಅದನ್ನೇ ಹಾಕಿಕೊಂಡರು, ಅತ್ತೆ ಬಟ್ಟಲು ಹಿಡಿದು ಬರುವುದು ನಿಂತಿತು. ಗಂಡನ ಕಣ್ಣು ಉಳಿಯಿತೆಂದು ನನಗೆ ಸಂತೋಷವಾಯಿತು, ಆಗಲಿಲ್ಲ ಎಂದರೆ ಸುಳ್ಳು. ಆ ಎರಡು ಮೊಳೆ ಕಂಡಾಗಲೆಲ್ಲ ಥೂ ಅನ್ನಿಸುತ್ತಿದ್ದುದೂ ಅಷ್ಟೇ ನಿಜ.

ಮಿಸ್ತ್ರಿ ಆಮೇಲೂ ಬಹಳ ವರ್ಷ ನಮ್ಮಲ್ಲೇ ದುಡಿದರು. ಎರಡು ಸಾವಿರದ ಇಸವಿ ದಾಟಿದ ಮೇಲೆ ಕಾಮಾಲೆಯಾಗಿ ತೀರಿಕೊಂಡರು. ಅವರ ಮನೆಯವರನ್ನು ಮಾತಾಡಿಸಿಕೊಂಡು ಬರಲೇಬೇಕೆಂದು ನಾನು ಹಟ ಹಿಡಿದೆ. ದೊಡವಾಡದ ಬಸ್ಸಿನ ಬೋರ್ಡನ್ನು ಯಜಮಾನರು ದೂರದಿಂದಲೇ, ಕನ್ನಡಕವಿಲ್ಲದೆ ಓದಿದರು.

ಮಿಸ್ತ್ರಿಯ ಹೆಂಡತಿ ಚಾಪೆ ಹಾಸಿ ಕೂರಿಸಿ, ಎರಡು ಕಪ್ಪು ಚಹಾ ತಂದಿಟ್ಟರು.

"ಈಗ ಕುಡದ ಬಂದೇವ್ರಿ, ಬ್ಯಾಡ" ಎಂದರು ಯಜಮಾನರು. ಬೆಳಗಿನಿಂದ ನಾವು ಹನಿ ನೀರೂ ಕುಡಿದಿರಲಿಲ್ಲ.

ಆಕೆ ಒತ್ತಾಯ ಮಾಡಲಿಲ್ಲ. "ನೀವು ಕುಡ್ಯಾಂಗಿಲ್ಲಂತ ನಮ್ಮನಿಯವ್ರು ಹೇಳತಿದ್ರು. ಆದ್ರೂ ಮನಿಗೆ ಬಂದವ್ರ ಮುಂದ ಇಡಬೇಕಲ್ಲರಿ" ಎಂದರು, ಸಿಟ್ಟಿಲ್ಲದೆ.

ನನ್ನ ಕಪ್ಪು ಎತ್ತಿ ಕುಡಿದೆ. ಅದನ್ನು ಕೆಳಗಿಟ್ಟು, ಯಜಮಾನರ ಮುಂದಿದ್ದ ಕಪ್ಪನ್ನೂ ಎಳೆದುಕೊಂಡು ಕುಡಿದೆ. ಯಜಮಾನರು ಎರಡೂ ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದರು.