ತಳದ ಕಾಳು

ಅವರ ಮೂಗಿನ ತುದಿಗೆ ಸದಾ ಒಂದಿಷ್ಟು ಕಾಫಿಪುಡಿ ಅಂಟಿರುತ್ತಿತ್ತು. ಪರೀಕ್ಷೆಗೆ ಬಂದ ಪ್ರತಿ ಪೊಟ್ಟಣಕ್ಕೂ ಮೊದಲು ಮೂಗು ತೂರಿಸುವುದು ಅವರ ರೂಢಿ. ಕುಡಿಯುತ್ತಿದ್ದುದು ಮಾತ್ರ ಚಹಾ! ಭೋಸರಿಯಲ್ಲಿ ಆಹಾರ ಪರೀಕ್ಷಿಸುವ ಖಾಸಗಿ ಲ್ಯಾಬೊಂದರಲ್ಲಿ ಎಲ್ಲರಿಗೂ ಅವರು ಮೇಡಂ. ನನ್ನಂತೆಯೇ ಧಾರವಾಡದ ಕಡೆಯವರೆಂದು ತಿಳಿದ ದಿನದಿಂದ ನನಗೆ ಬಾಯಾರು.

ಊರಿನ ಇನ್ನೊಂದು ತುದಿಯ ಕೊಂಢವಾದಲ್ಲಿ ನನ್ನದು ಕಾಫಿ ಹುರಿದು ಮಾರುವ ಅಂಗಡಿ. ಒಮ್ಮೆ ಯುರೋಪಿನ ಖರೀದಿದಾರನೊಬ್ಬ ನನ್ನ ಕಾಫಿ ಮೆಚ್ಚಿದ. ಆದರೆ ಅಕ್ರಿಲಮೈಡ್ ಮಿತಿಯೊಳಗಿದ್ದರೆ ಮಾತ್ರ ಸರಕು ಕಳಿಸು ಎಂದ. ಕಾಳು ಹುರಿಯುವಾಗ ತಾನಾಗಿ ಹುಟ್ಟುವ, ಮೈಗೆ ಒಳ್ಳೆಯದಲ್ಲದ ರಾಸಾಯನಿಕ ಅದು. ನನ್ನ ಜೀವಮಾನದ ದೊಡ್ಡ ಆರ್ಡರ್ ಒಂದು ಅಂಕಿಯ ಮೇಲೆ ನಿಂತಿತು.

ಚೀಲ ಹೊತ್ತುಕೊಂಡು ಹೋದೆ. ಹಣ್ಣಿನವರು ಬುಟ್ಟಿ ಜೋಡಿಸುವಂತೆ, ಜೋಪಾನವಾಗಿ ಹುರಿದ ಕಾಳು ಮೇಲೆ, ದಿನದ ಮಾಲು ಕೆಳಗೆ. ಬಾಯಾರು ಕೈಗವಸು ಹಾಕಿ, ಮೊಣಕೈವರೆಗೆ ಕೈ ಇಳಿಸಿ ತಳದಿಂದ ಒಂದು ಹಿಡಿ ತೆಗೆದರು.

"ಮ್ಯಾಲಿನ ಕಾಳು ನೋಡ್ರಿ ಬಾಯಾರ, ಎಷ್ಟ ಚಂದ ಅದಾವು!"

"ಅವು ನನಗ ತೋರಸ್ಲಿಕ್ಕೆ ಇಟ್ಟೀರಿ, ಸಾವ್ಕಾರ್ರ. ಗಿರಾಕಿ ಕುಡಿಯೂದು ಈ ತಳದ್ದು."

ವರದಿ ಬಂತು. ಅಂಕಿ ಮಿತಿ ದಾಟಿತ್ತು. ಚೌಕಾಸಿ ಮಾಡಿಯೇ ಮೇಲೆ ಬಂದವನು ನಾನು, ಬಾಯಿ ಸುಮ್ಮನಿರಲಿಲ್ಲ. "ಸ್ವಲ್ಪ ಇಳಸ್ರಿ. ನೀವೂ ನಮ್ಮ ಕಡಿಯವ್ರು."

ಅವರು ನಕ್ಕ ರಭಸಕ್ಕೆ ಮೂಗಿನ ಪುಡಿ ಉದುರಿತು. "ಇದೇನು ಭಾಜಿ ಮಾರ್ಕೆಟ್ ಅಂತ ತಿಳದೀರೇನು? ನಾ ಇಳಸಾಂಗಿಲ್ರಿ. ನಿಮ್ಮ ಒಲೀ ಮುಂದ ನಿಂತು ನೀವ ಇಳಸಬೇಕು. ಕಾಳಿನ ಬಣ್ಣ ಇನ್ನೂ ತಿಳಿ ಅದ, ಅಷ್ಟ ಲಗೂನ ಯಾಕ ತಗೀತೀರಿ? ಖರೇ ಹೇಳ್ರಿ."

ಹೇಳಿದೆ. ಹುರಿದಷ್ಟೂ ಕಾಳಿನ ತೂಕ ಇಳಿಯುತ್ತದೆ. ಬೇಗ ತೆಗೆದರೆ ಚೀಲಕ್ಕೆ ನಾಲ್ಕು ಹಿಡಿ ಉಳಿಯುತ್ತದೆ. ಅದು ನಾನಾಗಿಯೇ ಕಂಡುಕೊಂಡ ಜಾಣತನ, ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ.

"ಆ ನಾಕ ಹಿಡಿನ ನಿಮ್ಮ ಆರ್ಡರ್ ತಿನ್ನಾಕತ್ತಾವು. ಹುರಿಯೂದು ಶುರುವಾದಾಗ ಆ ಅಕ್ರಿಲಮೈಡ್ ಭಾಳ ಏರತದ, ಮುಂದ ಹುರದಂಗ ಇಳೀತದ. ಎಳೀ ಕಾಳು ಆರಿಸಿ ಒಗೀರಿ, ಇನ್ನೊಂದೀಟು ಹುರೀರಿ. ತೂಕ ಹೋದರ ಹೋಗ್ಲಿ."

ಹೊಟ್ಟೆ ಉರಿಯುತ್ತಲೇ ಹುರಿದೆ. ಮೂರನೆಯ ಸಲ ಅಂಕಿ ಮಿತಿಯೊಳಗೆ ಬಂತು, ಸರಕು ಹಡಗು ಹತ್ತಿತು. ಹೊಸದಾಗಿ ವ್ಯಾಪಾರಕ್ಕೆ ಇಳಿದವರಿಗೆ ಅಂದಿನಿಂದ ಹೇಳುತ್ತಿದ್ದೇನೆ: ಚೌಕಾಸಿ ಮನುಷ್ಯರ ಹತ್ತಿರ ಮಾಡಿ, ಬೆಂಕಿಯ ಹತ್ತಿರ ಬೇಡ.

ಆಮೇಲೂ ಪ್ರತಿ ತಿಂಗಳು ಅವರ ಕೈ ನನ್ನ ಚೀಲದ ತಳ ಮುಟ್ಟುತ್ತಲೇ ಇತ್ತು. ಕಳೆದ ವರ್ಷ ನಿವೃತ್ತರಾಗಿ ಊರಿಗೆ ಹೊರಡುವ ಮುನ್ನ ಅಂಗಡಿಗೇ ಬಂದರು. ಬೀಗರಿಗೆ ಕೊಡಲು ಅರ್ಧ ಕಿಲೋ ಬೇಕಂತೆ. ನಾನು ಅಂಗಿಯ ತೋಳು ಮಡಿಸಿ ಚೀಲದ ತಳಕ್ಕೆ ಕೈ ಇಳಿಸಿದೆ.

"ಮ್ಯಾಲಿಂದನ ಕೊಡ್ರಿ, ಸಾವ್ಕಾರ್ರ," ಅಂದರು. "ಈಗ ಎರಡೂ ಒಂದ ಅದಾವು."